ಖಾಲಿ ಜೇಬಿನ ಸಾಕ್ಷಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಬಾಗಿಲೆದುರು ಬೀಗದಣ್ಣ ಮಂಡಿಯೂರಿ ಕೂತಿದ್ದಾರೆ. ಬಾಯಲ್ಲಿ ಪುಟ್ಟ ಟಾರ್ಚು, ಕೈಯಲ್ಲಿ ಕೊಕ್ಕೆ ತಂತಿ. ಕೀ ಒಳಗೇ ಬಿಟ್ಟು ಬಾಗಿಲೆಳೆದುಕೊಂಡ ಮನೆಯೊಡತಿ ಪಕ್ಕದಲ್ಲಿ ಚಡಪಡಿಸುತ್ತಿದ್ದಾರೆ. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬಾಗಿಲು ತೆರೆಯುತ್ತದೆ. ಒಳಹೋಗಿ ಚಿಲಕಕ್ಕೆ ಎಣ್ಣೆ ಬಿಟ್ಟು ಹೊರಬಂದವರು, ಯಾರೂ ಕೇಳದಿದ್ದರೂ, ಎರಡೂ ಜೇಬುಗಳನ್ನು ಹೊರಕ್ಕೆಳೆದು ತೋರಿಸುತ್ತಾರೆ.

ಅವರ ಕಸುಬಿನ ಬಗ್ಗೆ ಬರೆಯಲೆಂದು ಜೊತೆಗೆ ಬಂದಿರುವ ನಾನು ಬೆಚ್ಚಿಬೀಳುತ್ತೇನೆ. ಒಡತಿ ಬೆಚ್ಚುವುದಿಲ್ಲ. ಖಾಲಿ ಜೇಬು ನೋಡಿ, ಸರಿ ಎಂಬಂತೆ ತಲೆಯಾಡಿಸುತ್ತಾರೆ! ನನಗೆ ಮೈಯೆಲ್ಲ ಉರಿಯುತ್ತದೆ.

ಬೀಗದಣ್ಣನ ಮನೆ ಕಾಲುವೆಯಾಚೆಯ ಕೇರಿಯಲ್ಲಿ. ಅಲ್ಲಿಯವರೆಲ್ಲ ಕಳ್ಳರೆಂದು ಊರು ಎಂದೋ ಹಣೆಪಟ್ಟಿ ಹಚ್ಚಿದೆ. ಅದರ ಮೇಲೆ ಬೀಗ ತೆಗೆಯುವ ಕಸುಬು ಬೇರೆ, ಕೇಳಬೇಕೇ?

“ಜನ ಕೀ ಕಳ್ಕೊಳ್ಲಿ ಅಂತ ದೇವ್ರನ್ನ ಬೇಡೋಕಾಗುತ್ತಾ ಮೇಡಂ? ಆದ್ರೂ ಕಳ್ಕೋತಾರೆ, ಅದೇ ನಮ್ ಪುಣ್ಯ” ಎಂದು ಬೀಗದಣ್ಣ ಮೆಟ್ಟಿಲಿಳಿಯುತ್ತಾ ನಗುತ್ತಾರೆ. ದಿನಕ್ಕೆ ನಾಲ್ಕೈದು ಬಾಗಿಲು ಸಿಕ್ಕರೆ ಮನೆ ನಡೆಯುತ್ತದೆ. ಜೇಬಿನ ಮಾತು ಎತ್ತಿದರೆ ನಗು ಇಳಿಯುತ್ತದೆ. “ನಮ್ಮಪ್ಪ ಕಲಿಸಿದ್ದು. ಅವ್ರು ಕೇಳೋಕ್ಮುಂಚೆ ನಾವೇ ತೋರಿಸ್ಬಿಟ್ರೆ ಮರ್ಯಾದೆ ಉಳಿಯುತ್ತೆ ಅಂತಿದ್ರು.”

ಹೋದ ವಾರ ಅವರ ಪುಟ್ಟ ಮಗಳು ಗೆಳತಿಯ ಮನೆಗೆ ಆಡಲು ಹೋಗಿದ್ದಳು. ಕರೆತರಲು ಹೋದ ಬೀಗದಣ್ಣ ಬಾಗಿಲಲ್ಲೇ ನಿಂತುಬಿಟ್ಟರು. ಮಗಳು ತನ್ನ ಬ್ಯಾಗನ್ನು ನೆಲದ ಮೇಲೆ ಸುರಿದು, ಗೆಳತಿಯ ತಾಯಿಗೆ ಒಂದೊಂದನ್ನೇ ತೋರಿಸುತ್ತಿದ್ದಳು. ಆ ತಾಯಿ “ಬೇಡ ಮಗೂ” ಎನ್ನಲಿಲ್ಲ. ಬಗ್ಗಿ, ಪೆನ್ಸಿಲ್ ಡಬ್ಬಿಯ ಮುಚ್ಚಳವನ್ನೂ ತೆಗೆದು ನೋಡಿದರು.

“ಯಾಕಮ್ಮಾ ಹಾಗ್ಮಾಡ್ದೆ ಅಂದೆ. ‘ಹೋಗೋವಾಗ ತೋರಿಸ್ಬೇಕಲ್ವಾಪ್ಪಾ, ನೀನೂ ತೋರಿಸ್ತೀಯಲ್ಲ’ ಅಂದ್ಲು. ಟಾಟಾ ಮಾಡೋ ಹಾಗೆ ಅದೂ ಒಂದು ಅಂದ್ಕೊಂಡಿದಾಳೆ ಮೇಡಂ.” ಸಾಮಾನಿನ ಚೀಲವನ್ನು ಹೆಗಲಿಗೇರಿಸುತ್ತಾ ಹೇಳುತ್ತಾರೆ: “ಇನ್ಮೇಲೆ ನಾನೂ ತೋರಿಸಲ್ಲ, ನೀನೂ ತೋರಿಸ್ಬೇಡ ಅಂತ ಮಾತು ಕೊಟ್ಟೆ. ಇವತ್ತು ನೀವೇ ನೋಡಿದ್ರಲ್ಲ, ಹಾಳಾದ ಕೈ ತಾನಾಗೇ ಹೋಗುತ್ತೆ.”

ಅಷ್ಟರಲ್ಲಿ ಫೋನು. ಪಕ್ಕದ ಬೀದಿಯಲ್ಲಿ ಒಬ್ಬ ಅಜ್ಜನ ಕಪಾಟು ತೆಗೆಯಬೇಕಂತೆ. ನಾನೂ ಹಿಂದೆಯೇ ಹೋಗುತ್ತೇನೆ. ಕಪಾಟು ತೆರೆಯುತ್ತದೆ. ಬೀಗದಣ್ಣ ಸಾಮಾನಿನ ಚೀಲವನ್ನು ಎರಡೂ ಕೈಯಿಂದ ಎದೆಗವಚಿ ಹಿಡಿಯುತ್ತಾರೆ. ಅಜ್ಜನ ಕಣ್ಣು ಅವರ ಜೇಬಿನ ಮೇಲೇ ಇದೆ.

“ಬರ್ತೀನಿ ಅಜ್ಜಾ” ಎಂದವರೇ ಹೊಸ್ತಿಲು ದಾಟುತ್ತಾರೆ.

ಬೀದಿಗಿಳಿದ ಮೇಲೆ ಉಸಿರು ಬಿಡುತ್ತಾರೆ. “ಬರೀ ‘ಬರ್ತೀನಿ’ ಅಂದು ಬಂದೆ ಮೇಡಂ. ಇವತ್ತು ಮಗಳು ಕೇಳಿದ್ರೆ ಹೇಳ್ಬಹುದು.”