ಅರ್ಜೆಂಟ್ ಮೊಳೆ

ಹೊಸಕೋಟೆ ಬಸ್ ನಿಲ್ದಾಣದಲ್ಲಿ ನಾನು ಓಡಿ ಹತ್ತಿದ ಬಸ್ಸಿನ ಡ್ರೈವರ್ ಆಗಿನ್ನೂ ಟೀ ಅಂಗಡಿಯಲ್ಲಿ ವಡೆ ತಿನ್ನುತ್ತಿದ್ದ. ಬಸ್ಸಿಗೆ ಹೊರಡುವ ಯೋಚನೆಯೇ ಇರಲಿಲ್ಲ. ಹೊರಟಿದ್ದು ನನ್ನ ಪ್ಯಾಂಟು ಮಾತ್ರ, ಹಿಂಬದಿಯ ಹೊಲಿಗೆ ಬಿಚ್ಚಿ, ಸದ್ದು ಮಾಡಿಕೊಂಡು. ಹನ್ನೊಂದಕ್ಕೆ ಊರಾಚೆಯ ಹೈಸ್ಕೂಲಿನಲ್ಲಿ ನನ್ನ ಭಾಷಣ. ವಿಷಯ, 'ಅರ್ಜೆಂಟ್: ಒಂದು ಇಂಗ್ಲಿಷ್ ಪದದ ಹುಟ್ಟು, ಅರ್ಥ ಮತ್ತು ಬಳಕೆ'.

ಬಸ್ಸಿಳಿದು, ಹೆಗಲಚೀಲವನ್ನು ಹಿಂದಕ್ಕೆ ಮರೆ ಮಾಡಿಕೊಂಡು ಕಂಡ ಮೊದಲ ಟೈಲರ್ ಅಂಗಡಿಗೆ ನುಗ್ಗಿದೆ. 'ಮುನಿತಾಯಮ್ಮ ಲೇಡೀಸ್ ಟೈಲರ್' ಎಂದು ಬೋರ್ಡಿತ್ತು. ಓದಿ ಆರಿಸುವ ಸ್ಥಿತಿ ನನ್ನದಾಗಿರಲಿಲ್ಲ.

"ಅಮ್ಮಾ, ಸ್ವಲ್ಪ ಅರ್ಜೆಂಟು."

ಮುನಿತಾಯಮ್ಮ ತಲೆ ಎತ್ತದೆ ಗಂಡನ ಲುಂಗಿಯೊಂದನ್ನು ಚಾಚಿದರು. ನಾನು ಪರದೆ ಹಿಂದೆ ಹೋಗಿ ಬದಲಿಸಿ ಕೊಟ್ಟ ಪ್ಯಾಂಟನ್ನು ಗೋಡೆಯ ಮೊಳೆಗೆ ಸಿಕ್ಕಿಸಿದರು. ಅಲ್ಲಿ ಆಗಲೇ ಬ್ಲೌಸು, ಲಂಗ, ಯೂನಿಫಾರ್ಮು ರಾಶಿಯಾಗಿ ನೇತಾಡುತ್ತಿದ್ದವು. ಪಕ್ಕದ ಮೊಳೆ ಬರಿದಾಗಿತ್ತು.

ಲುಂಗಿಯಲ್ಲಿ ಕುಳಿತವನಿಗೆ ಮರ್ಯಾದೆ ಉಳಿಸಿಕೊಳ್ಳಲು ಇದ್ದದ್ದು ಪಾಂಡಿತ್ಯವೊಂದೇ. "ಈ ಅರ್ಜೆಂಟ್ ಅನ್ನೋದು ಲ್ಯಾಟಿನ್ನಿಂದ ಬಂದದ್ದು. ಒತ್ತು, ತಳ್ಳು, ಹಿಂದೆ ಬಿದ್ದು ಓಡಿಸು ಅಂತ ಅರ್ಥ."

"ಹಂಗಾದ್ರೆ ನಮ್ಮ ಸೂಪರ್‌ವೈಸರಿಗೆ ಲ್ಯಾಟಿನ್ ಬರ್ತಿತ್ತು ಅನ್ನಿ," ಎಂದರು. ಮದುವೆಗೆ ಮುಂಚಿನಿಂದಲೂ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿದವರಂತೆ. "ನೀರು ಕುಡಿಯಕ್ಕೆ ಎದ್ರೂ ಅರ್ಜೆಂಟ್ ಅರ್ಜೆಂಟ್ ಅಂತ ಬೆನ್ನ ಹಿಂದೇನೇ ನಿಂತಿರೋನು. ಮದುವೇನೂ ಹಂಗೇ ಸಾರ್. ಹುಡುಗನಿಗೆ ರಜ ಇಲ್ಲ, ಅರ್ಜೆಂಟು ಅಂದ್ರು. ನನ್ನ ಬ್ಲೌಸ್ ಹೊಲ್ಕೊಳಕ್ಕೂ ಟೈಮಿಲ್ಲ, ಅಕ್ಕಂದಕ್ಕೆ ಪಿನ್ ಹಾಕ್ಕೊಂಡು ಧಾರೆಗೆ ಕೂತಿದ್ದೆ. ಮಗಳು ಆಸ್ಪತ್ರೆ ತನಕಾನೂ ಕಾಯ್ಲಿಲ್ಲ, ಸೂಲಿಬೆಲೆ ರೋಡಲ್ಲಿ ಆಟೋದಲ್ಲೇ ಹುಟ್ಟಿದ್ಲು. ಅವಳು ಮಾಡಿದ ಅರ್ಜೆಂಟು ಅದೇ ಕೊನೆ. ಈಗ ಬೆಳಿಗ್ಗೆ ಎಂಟಾದ್ರೂ ಏಳಲ್ಲ."

ಅಷ್ಟರಲ್ಲಿ ಹೆಡ್‌ಮಾಸ್ಟರ್ ರವಿಚಂದ್ರ ಅವರ ಫೋನು. "ಮಕ್ಕಳು ಕೂತಾಯ್ತು ಸಾರ್. ಸ್ವಲ್ಪ ಅರ್ಜೆಂಟ್ ಬನ್ನಿ." ಬಂದೆ ಎಂದೆ, ಲುಂಗಿಯ ಗಂಟು ಹಿಡಿದುಕೊಂಡು.

ಆಗಲೇ ಅನಸೂಯ ಎನ್ನುವ ಹೆಂಗಸು ಬಂದು ಬ್ಲೌಸೊಂದನ್ನು ಕೊಟ್ಟು, "ತೋಳು ಬಿಗಿ ಕಣಕ್ಕ. ನಿಧಾನಕ್ಕೆ ಕೊಡು, ಅರ್ಜೆಂಟೇನಿಲ್ಲ," ಎಂದರು. ಅದು ಬರಿದಾಗಿದ್ದ ಮೊಳೆಗೆ ಹೋಯಿತು. ಮರುಕ್ಷಣವೇ ಅಲ್ಲಿಂದ ಇಳಿದು ಮಿಷಿನ್ನಿಗೆ ಬಂತು.

"ನಾನು ಮುಂಚೆ ಬಂದೆನಲ್ಲಮ್ಮಾ?"

"ನೀವು ಅರ್ಜೆಂಟ್ ಮೊಳೆ ಸಾರ್. ಊರೆಲ್ಲಾ ಅಲ್ಲೇ ನೇತಾಡ್ತಾ ಇದೆ. ಅರ್ಜೆಂಟಿಲ್ಲದ ಮೊಳೇಲಿ ಅನಸೂಯ ಒಬ್ರೇ."

ನಾನು ಎದ್ದು ಪ್ಯಾಂಟನ್ನು ತೆಗೆದು ಪಕ್ಕದ ಮೊಳೆಗೆ ನೇತುಹಾಕಿದೆ. "ನನಗೂ ಅರ್ಜೆಂಟೇನಿಲ್ಲ," ಎಂದೆ. ಚೀಲದೊಳಗೆ ಫೋನು ಮತ್ತೆ ಬಡಿದುಕೊಳ್ಳುತ್ತಿತ್ತು. ಮುನಿತಾಯಮ್ಮ ಅದು ಕೇಳಿಸದವರ ಹಾಗೆ ಬ್ಲೌಸು ಮುಗಿಸಿ, ನನ್ನ ಪ್ಯಾಂಟಿಗೆ ಡಬಲ್ ಹೊಲಿಗೆ ಹಾಕಿ, ಇಸ್ತ್ರಿಯನ್ನೂ ಆಡಿಸಿ ಕೊಟ್ಟರು.

ಹಾಕಿಕೊಂಡು ಹೊರಬಂದೆ. ಬಸ್ಸು ಈಗ ನಿಜವಾಗಿಯೂ ಹೊರಟಿತ್ತು.

"ಓಡಿ ಹತ್ತಿದ್ರೆ ಹನ್ನೊಂದಕ್ಕೆ ಮುಟ್ತೀನಾ?"

ಮುನಿತಾಯಮ್ಮ ನನ್ನನ್ನೊಮ್ಮೆ, ಹೊಲಿಗೆಯನ್ನೊಮ್ಮೆ ನೋಡಿದರು.

"ನೀವು ಮುಟ್ತೀರ ಸಾರ್. ಪ್ಯಾಂಟಿನದು ಹೇಳಕ್ಕಾಗಲ್ಲ."