ಮೀಟರಿನ ಮೇಲಿನ ಕುಂಕುಮ

ಆರ್‌ಪಿಎಂ ಮೀಟರಿನ ಗಾಜಿನ ಮೇಲೆ, ಮೂರು ಮತ್ತು ನಾಲ್ಕರ ನಡುವೆ, ಜೋಳದ ಕಾಳಿನಷ್ಟು ದೊಡ್ಡ ಕುಂಕುಮದ ಬೊಟ್ಟು ಇತ್ತು. ಅದರ ಅಂಚು ಒಂದು ಕಡೆ ಮಾತ್ರ ಚೂರು ಒಡೆದಿತ್ತು, ಅವ್ವನ ಉಗುರು ತಾಗಿದ ಕಡೆ.

ಕಾರು ಅಜ್ಜ ಕೊಂಡ ಪದ್ಮಿನಿ, ಗೇರು ಸ್ಟೇರಿಂಗಿನ ಬಾಜು ಇರುವಂಥದ್ದು. ಅಜ್ಜನ ನಂತರ ಅದು ಅಪ್ಪ ಮತ್ತು ಕಾಕಾ ಇಬ್ಬರಿಗೂ ಸೇರಿತು, ನಡೆಸುವವರು ಮಾತ್ರ ಅಪ್ಪ. ಅಪ್ಪ ಅದನ್ನು ಕಿವಿಯಿಂದ ನಡೆಸುತ್ತಿದ್ದರು. ಎಂಜಿನ್ನಿನ ದನಿ ಒಂದು ಮಟ್ಟಕ್ಕೆ ಏರಿದ ಕೂಡಲೇ ಅವರ ಕೈ ತಾನೇ ಗೇರಿಗೆ ಹೋಗುತ್ತಿತ್ತು. ಹಿಂದಿನ ಸೀಟಿನಲ್ಲಿ ಮಲಗಿದವರಿಗೆ ಗೇರು ಬದಲಾದದ್ದು ತಿಳಿಯುತ್ತಿರಲಿಲ್ಲ.

ಈಗ ಕೆಲವು ವರ್ಷಗಳಿಂದ ಅಪ್ಪನಿಗೆ ಕಿವಿ ಮಂದ. ಈ ವಾಕ್ಯವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿಲ್ಲ. ಎಲ್ಲರೂ ಗಟ್ಟಿಯಾಗಿ ಮಾತಾಡಲು ಕಲಿತೆವು, ಅಷ್ಟೇ. ನಮ್ಮಲ್ಲಿ ದಿನವೂ ಜಗಳ ನಡೆಯುತ್ತದೆ ಎಂದು ಪಕ್ಕದ ಮನೆಯವರು ನಂಬಿದ್ದಾರೆ. ಅಪ್ಪ ತಮ್ಮ ಕಡೆಯಿಂದ ಒಂದು ಕಾರಣ ಹುಡುಕಿಕೊಂಡಿದ್ದರು: ಈಗಿನ ಪೆಟ್ರೋಲಿನಲ್ಲಿ ಸತ್ವವಿಲ್ಲ, ಆದ್ದರಿಂದ ಎಂಜಿನ್ನು ಸಪ್ಪಗಾಗಿದೆ. ಆ ಸಪ್ಪಗಾದ ಎಂಜಿನ್ನು ಎರಡನೇ ಗೇರಿನಲ್ಲಿ ಕಿರುಚುತ್ತ ನವಲಗುಂದದ ಬಸ್ ಸ್ಟ್ಯಾಂಡ್ ದಾಟುವಾಗ ಜಮಖಾನದ ಅಂಗಡಿಯವರು ಹೊರಗೆ ಬಂದು ನೋಡುತ್ತಿದ್ದರು.

ಹುಬ್ಬಳ್ಳಿ ರಸ್ತೆಯಲ್ಲಿ ಹೊಸದಾಗಿ ಖಾನಾವಳಿ ತೆಗೆದವರೊಬ್ಬರು ಬಾಗಿಲ ಮುಂದೆ ನಿಲ್ಲಿಸಲು ಹಳೆಯ ಕಾರು ಹುಡುಕುತ್ತಿದ್ದರು. ಎಂಜಿನ್ನು ತೆಗೆದು ಅಲ್ಲಿ ಹೂವಿನ ಗಿಡ ಇಡುತ್ತಾರಂತೆ, ಊಟಕ್ಕೆ ಬಂದವರು ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರಂತೆ. ಎಂಜಿನ್ನು ಸುಡುವ ಮೊದಲೇ ಕೊಟ್ಟುಬಿಡೋಣ ಎಂದು ಕಾಕಾ ಅವ್ವನಿಗೆ ಹೇಳಿದರು. ಅಪ್ಪನಿಗೆ ಹೇಳಲಿಲ್ಲ. ಹೇಳಿದರೆ ಕಾರಣವನ್ನೂ ಹೇಳಬೇಕಾಗುತ್ತಿತ್ತು.

ಅಷ್ಟರಲ್ಲಿ ಅಪ್ಪ ಕಟ್ಟೆಗೆ ಹೋಗುವುದನ್ನು ಬಿಟ್ಟಿದ್ದರು, ಫೋನು ಎತ್ತುವುದನ್ನೂ ಬಿಟ್ಟಿದ್ದರು. ಕಾರು ನಡೆಸುವವನಿಂದ ಮಾತ್ರ ಯಾರೂ ಉತ್ತರ ನಿರೀಕ್ಷಿಸುವುದಿಲ್ಲ. ಹಿಂದಿನವರ ಹಾರ್ನಿಗೆ ಕಾಯದೆ ಕನ್ನಡಿ ನೋಡಿಕೊಂಡು ನಡೆಸುವ ಅಭ್ಯಾಸ ಮೊದಲಿನಿಂದಲೂ ಇತ್ತು. ಊರಲ್ಲಿ ಅವರು ಮೊದಲಿನ ಹಾಗೆಯೇ ಉಳಿದಿದ್ದ ಜಾಗ ಆ ಸೀಟೊಂದೇ.

ನಾನು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿದವಳು. ಬಾಯಿಂದ ಹೇಳಲಾಗದ್ದನ್ನು ಉಪಕರಣದಿಂದ ಹೇಳಿಸಬಹುದು ಎಂಬ ವಿಶ್ವಾಸ ನನಗೆ ಅಲ್ಲಿಂದ ಬಂದಿರಬೇಕು. ಎಂಜಿನ್ನು ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ತೋರಿಸುವ ಆರ್‌ಪಿಎಂ ಮೀಟರು ತರಿಸಿದೆ. ಅದೊಂದನ್ನೇ ತರಿಸಿದರೆ ಉದ್ದೇಶ ತಿಳಿಯುತ್ತದೆಂದು ಆಯಿಲ್, ಬಿಸಿ, ಬ್ಯಾಟರಿ ತೋರಿಸುವ ಇನ್ನೂ ಮೂರು ಮೀಟರುಗಳನ್ನು ಅದರ ಜೊತೆಗೆ ಸೇರಿಸಿದೆ. ಪುಣೆಯ ಕಡೆ ಹಳೆಯ ಕಾರಿನವರೆಲ್ಲ ಹಾಕಿಸುತ್ತಾರೆ ಎಂದು ಕೂಗಿ ಹೇಳಿದೆ. ಚಂದ ಕಾಣುತ್ತದೆಯೇ ಎಂದು ಅಪ್ಪ ಕೇಳಿದರು. ಅಗದಿ ಚಂದ ಎಂದೆ.

ಕೂಡಿಸಲು ಬಂದವರು ಟ್ರ್ಯಾಕ್ಟರ್ ವೈರಿಂಗಿನವರು. ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಪಟ್ಟಿ ಬಿಗಿದು ನಾಲ್ಕನ್ನೂ ಸಾಲಾಗಿ ಕೂರಿಸಿದರು, ಇಗ್ನಿಶನ್ ಕಾಯಿಲಿನಿಂದ ತಂತಿ ಎಳೆದರು. ಮೀಟರಿನ ಬೆನ್ನಿನಲ್ಲಿ ಸಿಲಿಂಡರ್ ಎಷ್ಟೆಂದು ಹೇಳುವ ಸಣ್ಣ ಗುಂಡಿಯಿತ್ತು. ಅವರು ಅದನ್ನು ಎಂಟಕ್ಕೆ ಇಟ್ಟಿದ್ದರು. ನಮ್ಮದು ನಾಲ್ಕು ಸಿಲಿಂಡರಿನ ಗಾಡಿ ಎಂದೆ.

"ಎಂಟಕ್ಕ ಇರ್ಲಿ ಬಿಡ್ರಿ ಅಕ್ಕಾರ," ಎಂದರು, "ದೊಡ್ಡ ಗಾಡಿ ಅನಸ್ತೈತಿ."

ನಾಲ್ಕಕ್ಕೆ ತಿರುಗಿಸಿದೆ. ಅವರಿಗೆ ನನ್ನ ಮೇಲೆ ಸ್ವಲ್ಪ ಬೇಸರವಾಯಿತು.

ಮೂರು ಸಾವಿರದ ಹತ್ತಿರ, ಅಂದರೆ ಮುಳ್ಳು ಮೂರಕ್ಕೆ ಬಂದಾಗ, ಗೇರು ಬದಲಿಸಿದರೆ ಸಾಕು. ಈ ಒಂದು ಸಂಖ್ಯೆಯನ್ನು ಅಪ್ಪನಿಗೆ ತಿಳಿಸುವುದಷ್ಟೇ ಉಳಿದಿತ್ತು, ಅದೇ ಆಗಲಿಲ್ಲ. ಅವರು ಕೇಳಿದ್ದರೆ ಮೀಟರು ಬೇಕು ಎಂದು ಒಪ್ಪಿದ ಹಾಗಾಗುತ್ತಿತ್ತು. ನಾನು ಹೇಳಿದ್ದರೆ ಬೇಕೆಂದು ನನಗೆ ಗೊತ್ತಿರುವ ಹಾಗಾಗುತ್ತಿತ್ತು. ಮೀಟರಿನ ಕೊನೆಯಲ್ಲಿ, ಆರರ ಆಚೆ, ದಾಟಬಾರದು ಎಂಬ ಎಚ್ಚರಿಕೆಗೆ ಕೆಂಪು ಪಟ್ಟಿ ಇತ್ತು. ಅಪ್ಪ ಅದನ್ನು ತಾವೇ ಓದಿಕೊಂಡರು: ಮುಳ್ಳು ಕೆಂಪಿಗೆ ಬಂದಾಗ ಗೇರು. ನಮ್ಮ ಕಾರಿನ ಮುಳ್ಳು ಅಲ್ಲಿಯವರೆಗೆ ಎಂದೂ ಹೋಗುವುದಿಲ್ಲ. ಆ ವಾರ ಅಪ್ಪ ಎರಡನೇ ಗೇರಿನಲ್ಲಿಯೇ ಊರು ಸುತ್ತಿದರು. ಮೊದಲು ಕಿರುಚುತ್ತಿದ್ದ ಕಾರು ಈಗ ಉಪಕರಣದ ಆಧಾರದಿಂದ ಕಿರುಚಿತು.

ಅಮಾವಾಸ್ಯೆ ಬಂತು. ಕಬ್ಬಿಣದ ಹೊಸ ಸಾಮಾನು ಪೂಜೆಯಿಲ್ಲದೆ ಮನೆಯಲ್ಲಿ ಇರಬಾರದೆಂಬುದು ಅವ್ವನ ನಿಯಮ. ಮೀಟರುಗಳಿಗೆ ಮುಖವಿರುವುದರಿಂದ ಅವುಗಳಿಗೆ ಹಣೆಯೂ ಇರಬೇಕೆಂದು ಅವಳು ತಿಳಿದಳು. ನಾಲ್ಕಕ್ಕೂ ತೆಳುವಾಗಿ ವಿಭೂತಿ ಎಳೆದಳು. ದೊಡ್ಡದಕ್ಕೆ ಮಾತ್ರ ಹಣೆಯ ನಡುವೆ ಕುಂಕುಮ ಇಡಲು ಹೋದಳು. ಬಾಜುವಿನ ಸೀಟಿನಿಂದ ಕೈ ಚಾಚಿದ್ದರಿಂದ ಬೊಟ್ಟು ಕೊಂಚ ಎಡಕ್ಕೆ ಬಿತ್ತು, ಮೂರು ಮತ್ತು ನಾಲ್ಕರ ನಡುವೆ.

ಅಪ್ಪ ಕಾರು ತೆಗೆದರು. ಮುಳ್ಳು ಏರಿತು, ಕುಂಕುಮ ಮುಟ್ಟಿತು. ಅವರು ಹುಡುಕುತ್ತಿದ್ದ ಕೆಂಪು ಈಗ ಹತ್ತಿರದಲ್ಲಿಯೇ ಇತ್ತು. ಕೈ ಗೇರಿಗೆ ಹೋಯಿತು. ಮೂರನೆಯದಕ್ಕೂ ಹಾಗೆಯೇ. ಹಿಂದೆ ಕುಳಿತ ನಾನು ಕಿಟಕಿಯ ಹೊರಗೆ ನೋಡಿದೆ.

ಕಾಕಾ ನ್ಯಾಯವಂತರು. ಖಾನಾವಳಿಯವರಿಗೆ ಮಾತು ಕೊಡುವ ಮೊದಲು ಒಂದು ಸಲ ಕಣ್ಣಾರೆ ನೋಡುತ್ತೇನೆಂದರು. ಯಮನೂರಿಗೆ ಹೋಗಿ ದರ್ಗಾದಲ್ಲಿ ಸಕ್ಕರೆಯ ಮೇಲೆ ಫಾತೆಹಾ ಓದಿಸಿಕೊಂಡು ಬರುವುದು ನೆಪ. ಅವರು ಮುಂದೆ ಕುಳಿತರು, ನಾನು ಹಿಂದೆ. ಊರು ದಾಟುವಷ್ಟರಲ್ಲಿ ಕಾಕಾ ನನ್ನ ಕಡೆ ತಿರುಗಿದರು.

"ಏನ್ ಮಾಡಿಸೀಯವಾ ಗಾಡಿಗೆ? ಬೆಣ್ಣಿ ಆಗೇತಲ್ಲ."

"ಮೀಟರ್ ಹಾಕಿಸೀನ್ರಿ ಕಾಕಾ."

ಯಮನೂರಿನಲ್ಲಿ ಅಪ್ಪ ಸಕ್ಕರೆ ಹಿಡಿದು ಒಳಗೆ ಹೋದರು. ಆ ಮೀಟರಿನಲ್ಲಿ ಏನಿದೆ ಎಂದು ನೋಡಲು ಕಾಕಾ ಬಗ್ಗಿದರು. ಅವರು ಶುಚಿಯ ಮನುಷ್ಯ. ಹೆಗಲ ಮೇಲಿನ ವಲ್ಲಿ ತೆಗೆದು ನಾಲ್ಕೂ ಗಾಜುಗಳನ್ನು ಒರೆಸಿದರು. ಬೇಡ ಎನ್ನುವಷ್ಟರಲ್ಲಿ ಮುಗಿದಿತ್ತು.

"ನಂಬರ ಕಾಣವಲ್ದಾಗಿತ್ತು," ಎಂದರು.

ಪರೀಕ್ಷೆ ನಡೆಸಲು ಬಂದವರು ಹಲಗೆಯನ್ನೇ ಒರೆಸಿದ್ದರು. ಬೊಟ್ಟು ಮತ್ತೆ ಇಡೋಣವೆಂದರೆ ನನ್ನ ಚೀಲದಲ್ಲಿ ಇದ್ದದ್ದು ಒಂದು ಪೆನ್ನು, ಅದೂ ನೀಲಿಯದು.

ಮರಳುವ ದಾರಿಯ ಬಗ್ಗೆ ಹೆಚ್ಚು ಹೇಳಲಾರೆ. ಅಪ್ಪ ಮೀಟರು ನೋಡಿದರು, ರಸ್ತೆ ನೋಡಿದರು, ಮತ್ತೆ ಮೀಟರು ನೋಡಿದರು. ಕೆಂಪು ಮತ್ತೆ ಆರರ ಆಚೆ ಹೋಗಿತ್ತು. ಹತ್ತಿ ಹೊಲದಲ್ಲಿದ್ದ ಹೆಣ್ಣುಮಕ್ಕಳು ಸೊಂಟ ನೇರ ಮಾಡಿ ನಿಂತು ನೋಡಿದರು. ಕಾಕಾ ಎರಡೂ ಕೈಯಿಂದ ಸೀಟು ಹಿಡಿದುಕೊಂಡಿದ್ದರು.

ಮನೆಯ ಮುಂದೆ ಇಳಿದವರೇ ಕಾಕಾ, ನಮ್ಮಲ್ಲಿ ಯಾರೂ ಆಡದ ಮಾತನ್ನು ಅಪ್ಪನ ಎದುರಿಗೆ ಆಡಿದರು.

"ಅಣ್ಣಾ, ಹೋಗೂಮುಂದ ಕಿವಿ ಇದ್ವು. ಬರೂಮುಂದ ಅಲ್ಲೇ ಬಿಟ್ಟ್ ಬಂದೇನು?"

ಅವ್ವ ಬಾಗಿಲಲ್ಲಿ ನಿಂತಳು. ನಾನು ಸಕ್ಕರೆಯ ಪೊಟ್ಟಣ ನೋಡುತ್ತ ನಿಂತೆ. ಅಪ್ಪ ಕಾರಿನ ಬಾಗಿಲು ಹಾಕಿ, ಬೀಗ ತಿರುಗಿಸಿ, ನಗುತ್ತ ಒಳಗೆ ಹೋದರು. ಅವರಿಗೆ ಕೇಳಿಸಿರಲಿಲ್ಲ.

ಕಾಕಾನ ವಲ್ಲಿಗೆ ಹತ್ತಿದ ಕುಂಕುಮವನ್ನು ಅವ್ವ ನೋಡಿದಳು, ಅವರಿಗೆ ಚಹಾ ಕೊಟ್ಟಳು. ನಾಳೆ ಅಣ್ಣಿಗೇರಿಯಲ್ಲಿ ಅವರಿಗೆ ಕೆಲಸವಿರುವುದು ಅವಳಿಗೆ ಗೊತ್ತಿತ್ತು.

"ನಾಳೆ ಇವರ ಗಾಡಿಯಾಗ ಹೋಗಿ ಬರ್ರಿ," ಎಂದಳು. "ಆಮ್ಯಾಲೆ ಆ ಖಾನಾವಳಿಯವ್ರಿಗೆ ಏನ್ ಹೇಳೂದೈತಿ ಅದನ್ನ ಹೇಳೀರಂತ."

"ಜೀವದ ಆಸೆ ಐತ್ರಿ ವೈನಿ ನನಗ," ಎಂದರು ಕಾಕಾ. ಆದರೆ ಹೋಗಲು ಒಪ್ಪಿದರು.

ಮರುದಿನ ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ಕಾರಿನ ಬೀಗದ ಕೈ ತೆಗೆದುಕೊಂಡೆ. ಯಾವುದೋ ಮದುವೆಗೆಂದು ಕೊಂಡು ಒಮ್ಮೆ ಮಾತ್ರ ತೆರೆದಿದ್ದ ಕೆಂಪು ನೇಲ್ ಪಾಲಿಶ್ ನನ್ನ ಹತ್ತಿರ ಇತ್ತು. ಗಾಜಿನ ಮೇಲೆ ಜೋಳದ ಕಾಳಿನಷ್ಟು ಬೊಟ್ಟು ಇಟ್ಟೆ, ಅವ್ವನದಕ್ಕಿಂತ ಸ್ವಲ್ಪ ಕೆಳಗೆ, ಸರಿಯಾಗಿ ಮೂರರ ಮೇಲೆ. ಅಂಗಳಕ್ಕೆ ನೀರು ಹೊಡೆಯಲು ಬಂದ ಅವ್ವ ಕಿಟಕಿಯಲ್ಲಿ ಬಗ್ಗಿ ನೋಡಿದಳು.

"ಕುಂಕುಮ ಹಚ್ಚಿದ್ಯಾ?"

"ಹೂಂ."

"ಒರಿಸಿದ್ರ ಹೋಗೂದಿಲ್ಲಲ?"

"ಇಲ್ಲ."

ಅವಳು ಬಕೆಟ್ ತೆಗೆದುಕೊಂಡು ಹೋದಳು. ನಾನು ಕಾರಿನ ನಾಲ್ಕೂ ಬಾಗಿಲು ತೆರೆದಿಟ್ಟು ವಾಸನೆ ಹೋಗುವವರೆಗೆ ಕಾದೆ. ಅಪ್ಪನ ಮೂಗು ಬಹಳ ಚುರುಕು.

ಅವರಿಬ್ಬರೂ ಹೊರಟ ಮೇಲೆ ಗೇಟಿನ ಹತ್ತಿರ ನಿಂತೆ. ಕಾರು ಓಣಿ ದಾಟಿ ದೊಡ್ಡ ರಸ್ತೆಗೆ ತಿರುಗಿತು, ಕಾಣದಾಯಿತು. ಎರಡನೇ ಗೇರಿನ ದನಿ ಏರಿತು, ಇನ್ನೂ ಏರಿತು, ಆಮೇಲೆ ಮೆತ್ತಗಾಯಿತು. ಒಳಗೆ ಹೋಗಿ ಬೆರಳಿಗೆ ಹತ್ತಿದ ಕೆಂಪನ್ನು ತಿಕ್ಕಿ ತೊಳೆದುಕೊಂಡೆ.