ಮೋಟಾರಿಗೆ ಹುಣಸೆಹುಳಿ

ಕುಕನೂರಿನ ನಮ್ಮ ಮನೆಯಲ್ಲಿ ಎರಡು ಬಗೆಯ ನೀರು. ಊರಾಚೆಯ ಬಾವಿಯಿಂದ ಹೊತ್ತು ತರುವ ಸಿಹಿನೀರು ಕುಡಿಯುವುದಕ್ಕೆ, ಬೇಳೆ ಬೇಯಿಸುವುದಕ್ಕೆ. ಹಿತ್ತಲ ಬಾವಿಯ ಸವಳು ನೀರು ಉಳಿದೆಲ್ಲದಕ್ಕೆ. ನನ್ನ ಗಂಡನ ಮೋಟಾರು ಗಾಡಿಯೂ ಆ ಉಳಿದದ್ದರಲ್ಲೇ ಸೇರಿತ್ತು.

ಎರಡನೆಯ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ಹಿಂದುಗಡೆ ಚೀಲ ಹೇರಲು ತೆರೆದ ತೊಟ್ಟಿಯಿದ್ದ ಆ ಹಳೆಯ ಗಾಡಿಯನ್ನು ಅವರು ಮಾವನವರನ್ನು ಕಾಡಿಬೇಡಿ ತಂದಿದ್ದರು. ಶೇಂಗಾ ಹೇರಿಕೊಂಡು ಕೊಪ್ಪಳದ ಸ್ಟೇಷನ್ನಿಗೆ ಹೊರಟರೆ ಅರ್ಧ ದಾರಿಗೇ ಅದರ ಮೂತಿಯಿಂದ ಹಬೆ ಏಳುತ್ತಿತ್ತು. ಗಂಗಾವತಿಯಿಂದ ಬಂದ ಮೇಸ್ತ್ರಿ ಪಂಖದ ಪಟ್ಟಿ ಬಿಗಿದ, ಎಣ್ಣೆ ಬದಲಿಸಿದ, ಕೊನೆಗೆ "ಎಂಜಿನ್ನಿಗೆ ವಯಸ್ಸಾಗೇತ್ರಿ" ಅಂದು ಹೊರಟುಹೋದ.

ಒಂದು ಮಧ್ಯಾಹ್ನ ಮೋಟಾರನ್ನು ಎತ್ತುಗಳೇ ಎಳೆದು ತಂದವು. ಮಾವನವರು ಕಟ್ಟೆಯ ಮೇಲೆ ಕೂತೇ ನೋಡಿದರು.

"ಎತ್ತುಗೋಳು ಎಳಿಯೂದಾದ್ರ ಮೋಟಾರ ಯಾಕಪಾ? ಯಾರರ ಕೇಳಿದ್ರ ಕೊಟ್ಟಬಿಡು. ನಾಳಿಂದ ಬಂಡಿ ಹೂಡು."

ನನ್ನವರು ಊಟಕ್ಕೂ ಏಳದೆ, ಎಂಜಿನ್ನನ್ನು ಮತ್ತೆ ಮತ್ತೆ ಓಡಿಸಿ ನೋಡುತ್ತಾ ಅಲ್ಲೇ ಕೂತರು. ಮಜ್ಜಿಗೆ ಕೊಡಲು ಹೋದಾಗ, ಅವರು ಬಿಚ್ಚಿಟ್ಟಿದ್ದ, ಎಂಜಿನ್ನಿನ ನೀರು ತಣಿಸುವ ರೇಡಿಯೇಟರಿನ ಮುಚ್ಚಳ ಕಂಡಿತು. ಅದರ ಒಳಗೆಲ್ಲ ಬಿಳಿ ಚಕ್ಕೆ. ನಮ್ಮ ಬಚ್ಚಲ ಹಂಡೆಯಲ್ಲಿ ದಿನಾ ಕಾಣುವಂಥದ್ದೇ. ನಾನು ಓದಿದ ಕಾನ್ವೆಂಟಿನ ಚಹಾದ ಕೆಟಲಿನಲ್ಲೂ ಕಟ್ಟುತ್ತಿತ್ತು. ಅದನ್ನು ಬಿಡಿಸಲು ಸಿಸ್ಟರು ನಮ್ಮ ಕೈಯಿಂದ ಹುಳಿ ಹಾಕಿಸಿ ಕುದಿಸುತ್ತಿದ್ದರು. ಮೆಲ್ಲಗೆ ರೇಡಿಯೇಟರನ್ನು ಮುಟ್ಟಿ ನೋಡಿದೆ. ಮೇಲೆ ಕೈಯಿಡಲಾಗದಷ್ಟು ಬಿಸಿ, ಕೆಳಗೆ ತಣ್ಣಗೆ. ಮೇಲಿನ ಬಿಸಿನೀರು ಕೆಳಗೆ ಇಳಿಯುತ್ತಲೇ ಇಲ್ಲ!

ಸೊಸೆ ಮಾವನ ಜೊತೆ ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಬಾಗಿಲ ಮರೆಯಲ್ಲಿ ನಿಂತು, ಅಕ್ಕಿ ಆರಿಸುತ್ತಿದ್ದ ಅತ್ತೆಗೆ ಹೇಳಿದೆ.

"ಅತ್ತಿಯವರ, ಹಂಡೆದಾಗ ಕಟ್ಟತೈತಲ್ರಿ ಸುಣ್ಣ, ಅದ ಮೋಟಾರಿನ್ಯಾಗೂ ಕಟ್ಟೇತ್ರಿ. ಹುಣಸಿಹುಳಿ ಹಾಕಿ ನೋಡಬೇಕ್ರಿ."

ಎರಡು ಮಾರು ದೂರದಲ್ಲಿದ್ದ ಮಾವನವರಿಗೆ ಎಲ್ಲ ಕೇಳಿಸಿತ್ತು. ಆದರೂ ಅತ್ತೆ ಅವರತ್ತ ತಿರುಗಿ, "ಕೇಳಿದ್ರ್ಯಾ? ಮೋಟಾರಿಗೆ ಹುಣಸಿಹುಳಿ ಬೇಕಂತ" ಎಂದರು.

"ಹಂಗಾದ್ರ ಒಗ್ಗರಣಿನೂ ಕೊಡಾಕ ಹೇಳು ನಿನ್ನ ಇಂಗ್ಲಿಷ್ ಸೊಸಿಗೆ!"

ನನ್ನವರು ಮಾತ್ರ ನಗಲಿಲ್ಲ. ಎದ್ದು ಬಂದು, "ಹುಣಸಿಹಣ್ಣ ಎಷ್ಟೈತಿ ಮನ್ಯಾಗ?" ಎಂದು ಕೇಳಿದರು.

ಸೋಸಿದ ಹುಳಿನೀರು ತುಂಬಿ ಎಂಜಿನ್ ಓಡಿಸಿ, ಕೆಳಗಿನ ತಿರುಪು ಬಿಚ್ಚಿದರೆ ಕಂದು ಬಣ್ಣದ ಕೆಸರು, ಅದರೊಳಗೆ ಸುಣ್ಣದ ಹರಳು. ಹೀಗೆ ಮೂರು ಸಲ. ಕೊನೆಯಲ್ಲಿ ಯಾರನ್ನೂ ಕೇಳದೆ ನಾನು ಸಿಹಿನೀರಿನ ಕೊಡ ಎತ್ತಿಕೊಂಡು ಬಂದೆ. ಅತ್ತೆ ನೋಡಿ ದಾರಿ ಬಿಟ್ಟರು. ಆ ನೀರು ತುಂಬಿ ಮತ್ತೆ ಎಂಜಿನ್ ಓಡಿಸಿ ಮುಟ್ಟಿದಾಗ ಕೆಳಗೂ ಬೆಚ್ಚಗಿತ್ತು.

ಮರುದಿನ ತುಂಬಿದ ಗಾಡಿ ಕೊಪ್ಪಳಕ್ಕೆ ಹೋಗಿ ದೀಪ ಹಚ್ಚುವ ಮೊದಲೇ ತಿರುಗಿ ಬಂತು. "ಒಂದ ಸಲಾನೂ ಕುದೀಲಿಲ್ಲ" ಎಂದರು ನನ್ನವರು, ಇಳಿಯುವ ಮೊದಲೇ. ಮಾವನವರು ಅತ್ತೆಗೆ, ನನಗೆ ಕೇಳುವ ಹಾಗೆ, "ನಿನ್ನ ಸೊಸಿಗೆ ಹೇಳು, ದಿನಾ ಒಂದ ಕೊಡ ಸಿಹಿನೀರು ಮೋಟಾರಿಗೆ ತಗದಿಡಲಿ. ಬಂಡಿ ಮಾತು ಇನ್ನ ಬ್ಯಾಡ" ಎಂದರು.

ಆ ಕೊಡ ಬಾಗಿಲ ಪಕ್ಕದಲ್ಲೇ ಇರುತ್ತಿತ್ತು. ಬಾಯಾರಿ ಬಂದವರು ಕೈ ಹಾಕಿದರೆ ಅತ್ತೆ ಒಳಗಿನಿಂದಲೇ, "ಮುಟ್ಟಬ್ಯಾಡ್ರಿ, ಅದು ಮೋಟಾರಿಂದು!" ಎಂದು ಕೂಗುತ್ತಿದ್ದರು. ಆಮೇಲೆ ಅವರನ್ನು ಕೂರಿಸಿ ಕಾರಣ ಹೇಳುವರು. ಹೇಳಿದ ಹಾಗೆಲ್ಲ ಅವರ ಕತೆಯಲ್ಲಿ ಹುಣಸೆಹಣ್ಣಿನ ಉಂಡೆ ದೊಡ್ಡದಾಗುತ್ತಿತ್ತು. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆ. ತಿದ್ದುತ್ತಿರಲಿಲ್ಲ.